ಎರಡು ಗೆರೆ ಬಂದರೆ ನೆಗೆಟಿವ್! ಗಾಂಜಾ ಟೆಸ್ಟ್ ಕಿಟ್ ಒಳಗೆ ಏನಾಗುತ್ತದೆ?

ನಮಸ್ಕಾರ. ಮಂಗಳೂರು, ಮಣಿಪಾಲದ ಕಡೆ "ಇಷ್ಟು ಮಂದಿಗೆ ಗಾಂಜಾ ಪಾಸಿಟಿವ್" ಅಂತ ಸುದ್ದಿ ಬಂದಾಗಲೆಲ್ಲ ನಿಮ್ಮಿಂದ ಒಂದೇ ಪ್ರಶ್ನೆ ಬರುತ್ತದೆ. ಹಡಗಿನ ಕೆಲಸಕ್ಕೆ ಮೆಡಿಕಲ್ ಮಾಡಿಸಲು ಹೊರಟ ಹುಡುಗರೂ ಅದನ್ನೇ ಕೇಳುತ್ತಾರೆ. ನಾಲ್ಕು ಹನಿ ಮೂತ್ರ ನೋಡಿ ಆ ಚಿಕ್ಕ ಕಿಟ್‌ಗೆ ಹೇಗೆ ಗೊತ್ತಾಗುತ್ತದೆ? ಅದರ ಮಾತನ್ನು ಎಷ್ಟು ನಂಬಬಹುದು?

ಬೇಸಿಕ್ಸ್ ಬೇಗ ಮುಗಿಸೋಣ. ಗಾಂಜಾದಲ್ಲಿ ಅಮಲು ಬರಿಸುವುದು ಟಿಎಚ್‌ಸಿ. ಲಿವರ್ ಅದನ್ನು ಒಡೆದು ಟಿಎಚ್‌ಸಿ-ಸಿಒಒಎಚ್ ಮಾಡುತ್ತದೆ. ಇದರಿಂದ ಅಮಲು ಬರುವುದಿಲ್ಲ, ಆದರೆ ಕಿಟ್ ಹುಡುಕುವುದು ಇದನ್ನೇ. ಸಾಮಾನ್ಯವಾಗಿ ಒಂದು ಮಿಲಿಲೀಟರ್‌ನಲ್ಲಿ 50 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪಾಸಿಟಿವ್.

ಈಗ ನನಗೆ ತುಂಬ ಇಷ್ಟವಾದ ಭಾಗ.

[ಕ್ಲೋಸಪ್: ಕಿಟ್. ಸಿ ಮತ್ತು ಟಿ ಅಕ್ಷರ ಕಾಣಬೇಕು]

ಕೋವಿಡ್ ಕಿಟ್‌ನಲ್ಲಿ ಎರಡು ಗೆರೆ ಬಂದರೆ ಪಾಸಿಟಿವ್ ಅಲ್ವಾ? ಇದು ಪೂರ್ತಿ ಉಲ್ಟಾ. ಎರಡು ಗೆರೆ ಬಂದರೆ ನೆಗೆಟಿವ್. ಸಿ, ಅಂದರೆ ಕಂಟ್ರೋಲ್ ಗೆರೆ ಮಾತ್ರ ಬಂದು ಟಿ, ಅಂದರೆ ಟೆಸ್ಟ್ ಗೆರೆ ಬರದಿದ್ದರೆ ಪಾಸಿಟಿವ್!

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ದೇರಳಕಟ್ಟೆಗೆ ಹೊರಟ ಸಿಟಿ ಬಸ್ಸುಗಳನ್ನು ನೆನಪಿಸಿಕೊಳ್ಳಿ. ಕಿಟ್ ಒಳಗೆ ಬಣ್ಣ ಹಚ್ಚಿದ ಪ್ರತಿಕಾಯಗಳಿವೆ, ಅಂದರೆ ಗಾಂಜಾದ ಅಂಶವನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳು. ಅವೇ ಬಸ್ಸು. ಮೂತ್ರದಲ್ಲಿರುವ ಗಾಂಜಾದ ಅಂಶ ಸ್ಟೇಟ್ ಬ್ಯಾಂಕ್‌ನಲ್ಲೇ ಹತ್ತುವ ಪ್ರಯಾಣಿಕರು. ಟಿ ಗೆರೆ ಅಂದರೆ ದಾರಿಯಲ್ಲಿ ಸಿಗುವ ಪಂಪ್‌ವೆಲ್ ಸ್ಟಾಪ್. ಅಲ್ಲೂ ಅದೇ ಅಂಶವನ್ನು ಮೊದಲೇ ಅಂಟಿಸಿಟ್ಟಿದ್ದಾರೆ, ಸೀಟಿಗಾಗಿ ಕಾಯುವ ಜನರ ಹಾಗೆ. ಮೂತ್ರದಲ್ಲಿ ಏನೂ ಇಲ್ಲದಿದ್ದರೆ ಬಸ್ಸು ಖಾಲಿ ಬರುತ್ತದೆ, ಪಂಪ್‌ವೆಲ್‌ನಲ್ಲಿ ನಿಲ್ಲುತ್ತದೆ. ಹಾಗೆ ಸಾಲಾಗಿ ನಿಂತ ಬಸ್ಸುಗಳ ಬಣ್ಣವೇ ನಮಗೆ ಕಾಣುವ ಗೆರೆ. ಮೊದಲೇ ಸೀಟು ಭರ್ತಿಯಾಗಿದ್ದರೆ? ನಿಲ್ಲದೆ ಮುಂದೆ ಹೋಗುತ್ತದೆ. ಪಂಪ್‌ವೆಲ್‌ನಲ್ಲಿ ಬಸ್ಸೇ ಇಲ್ಲ, ಗೆರೆ ಇಲ್ಲ, ಪಾಸಿಟಿವ್. ಸಿ ಗೆರೆ ಕೊನೆಯ ಸ್ಟಾಪ್. ಅಲ್ಲಿ ಬಣ್ಣ ಬರಲೇಬೇಕು. ಬರದಿದ್ದರೆ ಆ ಕಿಟ್ ಲೆಕ್ಕಕ್ಕಿಲ್ಲ, ಇನ್ನೊಂದು ತೆಗೆದುಕೊಳ್ಳಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಟಿ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ನೆಗೆಟಿವ್. "ಗೆರೆ ತೆಳು ಇದೆ, ಸ್ವಲ್ಪ ಸೇದಿರಬೇಕು" ಅನ್ನುವುದು ತಪ್ಪು.

ಎಷ್ಟು ದಿನ ಸಿಗುತ್ತದೆ? ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಒಮ್ಮೆ ಸೇದಿದವರಲ್ಲಿ ಸುಮಾರು 3 ದಿನ. ದಿನವೂ ಸೇದುವವರಲ್ಲಿ ಎರಡು ವಾರದ ತನಕ. ವರ್ಷಗಟ್ಟಲೆ ವಿಪರೀತ ಸೇದಿದವರಲ್ಲಿ ಒಂದು ತಿಂಗಳು ದಾಟಿದರೂ ಸಿಗಬಹುದು. ಹಾಗಾಗಿ ಪಾಸಿಟಿವ್ ಬಂದ ಕೂಡಲೇ "ಈಗ ನಶೆಯಲ್ಲಿದ್ದಾನೆ" ಅನ್ನಲು ಬರುವುದಿಲ್ಲ. ಯಾವಾಗ, ಎಷ್ಟು ಸೇದಿದ ಅನ್ನುವುದನ್ನೂ ಕಿಟ್ ಹೇಳುವುದಿಲ್ಲ.

ಕಿಟ್ ಎಡವುವುದೂ ಉಂಟು. ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುವ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್‌ನಿಂದ, ಎಚ್‌ಐವಿ ಔಷಧಿ ಎಫಾವಿರೆಂಜ್‌ನಿಂದ ಸುಳ್ಳು ಪಾಸಿಟಿವ್ ಬಂದ ವರದಿಗಳಿವೆ. ಮಾತ್ರೆ ಬಿಡಬೇಡಿ. ಸ್ಯಾಂಪಲ್ ಕೊಡುವಾಗ ಹೇಳಿ, ಡಾಕ್ಟರ ಚೀಟಿ ತೋರಿಸಿ.

ಇದಕ್ಕೇ ಎರಡನೇ ಟೆಸ್ಟ್ ಇರುವುದು. ಜಿಸಿ-ಎಂಎಸ್ ಎಂಬ ಯಂತ್ರ ಅಣುವಿನ ತೂಕ ನೋಡಿ ಗುರುತು ಹಿಡಿಯುತ್ತದೆ, ಮಾತ್ರೆಗೆ ಮೋಸ ಹೋಗುವುದಿಲ್ಲ. ಅದು ಆಗುವ ಮೊದಲೇ ಒಬ್ಬ ವಿದ್ಯಾರ್ಥಿಯನ್ನು ಕಾಲೇಜಿನಿಂದ ಹೊರಗೆ ಹಾಕುವುದು, ಹೆಸರು ಹೊರಗೆ ಬಿಡುವುದು ಅನ್ಯಾಯ. ನಾನು ಇದನ್ನು ಒಪ್ಪುವುದಿಲ್ಲ.

ಟೈಮ್ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಟೆಸ್ಟ್‌ನಿಂದ ತಪ್ಪಿಸಿಕೊಳ್ಳಲು ನೀರು ಜಾಸ್ತಿ ಕುಡಿದು ಮೂತ್ರ ತೆಳುವಾಗಿಸಿದರೆ, ಲ್ಯಾಬ್‌ನಲ್ಲಿ ಕ್ರಿಯಾಟಿನಿನ್ (ಮೂತ್ರದಲ್ಲಿ ಸಹಜವಾಗಿ ಇರುವ ತ್ಯಾಜ್ಯ) ನೋಡಿದಾಗ ಗೊತ್ತಾಗುತ್ತದೆ. ಪಕ್ಕದವರ ಹೊಗೆಯಿಂದ ಮಾತ್ರ ಪಾಸಿಟಿವ್ ಬರುವುದು ತೀರಾ ಅಪರೂಪ, ಮುಚ್ಚಿದ ಕೋಣೆಯಲ್ಲಿ ದಟ್ಟ ಹೊಗೆ ಇದ್ದರೆ ಬೇರೆ ಮಾತು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕವಸ್ತುಗಳ ಕಾನೂನಿನಲ್ಲಿ, ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ, ಬರೀ ಎಲೆ ಅಲ್ಲ. ಆದರೆ ಎಲೆಯಿಂದ ಮಾಡುವ ಭಂಗಿಯಲ್ಲೂ (ಭಾಂಗ್) ಟಿಎಚ್‌ಸಿ ಇದೆ, ಕಿಟ್‌ಗೆ ಎರಡೂ ಒಂದೇ. ಗಾಂಜಾ ಸೇವನೆಗೆ 27ನೇ ಸೆಕ್ಷನ್ ಪ್ರಕಾರ 6 ತಿಂಗಳ ತನಕ ಜೈಲು, 10,000 ರೂಪಾಯಿ ತನಕ ದಂಡ ಅಥವಾ ಎರಡೂ ಆಗಬಹುದು. ಚಟ ಬಿಡಲು ತಾವಾಗಿಯೇ ಚಿಕಿತ್ಸೆಗೆ ಬರುವವರಿಗೆ 64ಎ ಸೆಕ್ಷನ್‌ನಲ್ಲಿ ರಕ್ಷಣೆ ಇದೆ.

ಮನೆಯಲ್ಲಿ ಯಾರಿಗಾದರೂ ಬಿಡಲು ಸಹಾಯ ಬೇಕಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 14446. ನಂಬರ್ ಸ್ಕ್ರೀನ್ ಮೇಲಿದೆ, ಬರೆದಿಟ್ಟುಕೊಳ್ಳಿ.