ಕಂಪ್ರೆಸರ್ ಬದಲಿಸುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರಿನ ಎಸಿ ತಂಪು ಕೊಡುವುದನ್ನು ನಿಲ್ಲಿಸಿದಾಗ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ಗ್ಯಾಸ್ ಖಾಲಿಯಾಗಿದೆ ಎಂಬುದು. ಇನ್ನೊಂದು, ಕಂಪ್ರೆಸರ್ ಹೋಗಿದೆ ಎಂಬುದು. ಗ್ಯಾಸ್ ಖಾಲಿ ಎಂದಾದರೆ ತುಂಬಿಸಿ ಕಳುಹಿಸುತ್ತಾರೆ, ಕಂಪ್ರೆಸರ್ ಹೋಗಿದೆ ಎಂದಾದರೆ ಹೊಸದನ್ನು ಕೂರಿಸಿ ಕಳುಹಿಸುತ್ತಾರೆ. ಗ್ಯಾಸ್ ಎಲ್ಲಿಂದ ಹೋಯಿತು, ಕಂಪ್ರೆಸರ್ ಏಕೆ ಕೆಟ್ಟಿತು ಎಂದು ಹುಡುಕುವ ವ್ಯವಧಾನ ಬೇಸಿಗೆಯ ಗಡಿಬಿಡಿಯಲ್ಲಿ ಯಾರಿಗೂ ಇರುವುದಿಲ್ಲ. ಈ ಕೆಲಸದಲ್ಲಿ ಇರುವವನಾಗಿ ನಾನು ಇಂದು ಒತ್ತಿ ಹೇಳಬೇಕೆಂದಿರುವುದು ಒಂದೇ ವಿಷಯ: ಕಂಪ್ರೆಸರ್ ತಾನಾಗಿಯೇ ಕೆಡುವುದು ಕಡಿಮೆ, ಬಹುಪಾಲು ಬೇರೊಂದು ಭಾಗದ ದೋಷ ಅದನ್ನು ಕೆಡಿಸಿರುತ್ತದೆ. ಆ ದೋಷವನ್ನು ಹಾಗೆಯೇ ಬಿಟ್ಟು ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಮೊದಲು ಈ ಯಂತ್ರದ ಕೆಲಸವನ್ನು ತಿಳಿದುಕೊಳ್ಳೋಣ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್, ಕಡಿಮೆ ಒತ್ತಡದ ಗ್ಯಾಸನ್ನು ಎಳೆದುಕೊಂಡು ಒತ್ತಿ, ಹೆಚ್ಚಿನ ಒತ್ತಡದ ಬಿಸಿ ಗ್ಯಾಸನ್ನಾಗಿ ಮಾಡಿ, ರೇಡಿಯೇಟರಿನ ಮುಂದೆ ಇರುವ ಕಂಡೆನ್ಸರಿಗೆ ಕಳುಹಿಸುತ್ತದೆ. ಕಂಡೆನ್ಸರಿನಲ್ಲಿ ಆ ಗ್ಯಾಸು ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ, ಡ್ರೈಯರಿನಲ್ಲಿ ತೇವವನ್ನು ಕಳೆದುಕೊಳ್ಳುತ್ತದೆ, ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ರಂಧ್ರದಿಂದ ನುಗ್ಗಿ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲಿನಲ್ಲಿ ಮತ್ತೆ ಆವಿಯಾಗುತ್ತಾ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಇದರಲ್ಲಿ ನಾವು ಮರೆಯಬಾರದ ಸಂಗತಿಯೆಂದರೆ, ಕಂಪ್ರೆಸರಿಗೆ ಬೇಕಾದ ಎಣ್ಣೆಯೂ ಗ್ಯಾಸಿನ ಜೊತೆಯಲ್ಲಿಯೇ ಇಡೀ ವ್ಯವಸ್ಥೆಯನ್ನು ಸುತ್ತಿಕೊಂಡು ಬರುತ್ತದೆ. ಗ್ಯಾಸು ಸೋರುವ ಜಾಗದಿಂದ ಎಣ್ಣೆಯೂ ಸೋರುತ್ತದೆ. ಗ್ಯಾಸು ಕಡಿಮೆಯಾದರೆ ಉಳಿದ ಎಣ್ಣೆಯೂ ಕಂಪ್ರೆಸರಿಗೆ ಸರಿಯಾಗಿ ಮರಳುವುದಿಲ್ಲ. ಆದ್ದರಿಂದ ಪ್ರತಿ ಬೇಸಿಗೆಯಲ್ಲಿಯೂ ಸೋರಿಕೆಯನ್ನು ಹುಡುಕದೆ ಬರೀ ಗ್ಯಾಸು ತುಂಬಿಸಿಕೊಳ್ಳುವವರ ಕಂಪ್ರೆಸರ್ ಎಣ್ಣೆಯಿಲ್ಲದೆ ಸವೆದು, ಒಂದು ದಿನ ಹಿಡಿದುಕೊಂಡು ನಿಲ್ಲುತ್ತದೆ.

ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ಶತ್ರುವೆಂದರೆ ಬಿಸಿಲು ಮತ್ತು ಧೂಳು ಒಟ್ಟಿಗೆ ಸೇರಿದ್ದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿಯನ್ನು ದಾಟುತ್ತದೆ. ಹೊರಗೆ 42 ಡಿಗ್ರಿ ಇರುವಾಗ ಕಂಡೆನ್ಸರಿನೊಳಗಿನ ಗ್ಯಾಸು ಸುಮಾರು 60 ಡಿಗ್ರಿಯಲ್ಲಿ ಇದ್ದರೆ ಮಾತ್ರ ಬಿಸಿಯನ್ನು ಹೊರಗೆ ಬಿಡಲು ಸಾಧ್ಯ, ಮತ್ತು 60 ಡಿಗ್ರಿಯಲ್ಲಿ, ಕಾರಿನ ಎಸಿಗಳಲ್ಲಿ ಬಳಸುವ ಆರ್ 134 ಎ ಎಂಬ ಗ್ಯಾಸಿನ ಒತ್ತಡ ಸುಮಾರು 230 ಪಿಎಸ್‌ಐ, ಅಂದರೆ ಚದರ ಇಂಚಿಗೆ 230 ಪೌಂಡ್, ಆಗಿರುತ್ತದೆ. ಇದು ಕಂಡೆನ್ಸರ್ ಸ್ವಚ್ಛವಾಗಿದ್ದಾಗಿನ ಮಾತು. ತೋರಣಗಲ್ಲು, ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ದಿನವೂ ಓಡಾಡುವ ಕಾರಿನ, ಗಿಣಿಗೇರಿಯ ಕಾರ್ಖಾನೆಗಳ ಬಳಿ ನಿಲ್ಲುವ ಕಾರಿನ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹೊಟ್ಟು ಹಾರುವ ದಾರಿಯಲ್ಲಿ ಸಾಗುವ ಕಾರಿನ ಮುಂಭಾಗದ ಬಂಪರನ್ನು ಬಿಚ್ಚಿ ನೋಡಿ. ಕಂಡೆನ್ಸರಿನ ತೆಳುವಾದ ರೆಕ್ಕೆಗಳ ನಡುವೆ ಮಣ್ಣು ಗಟ್ಟಿಯಾಗಿ ಕೂತು, ಹಿಂದಿನಿಂದ ಬ್ಯಾಟರಿ ದೀಪ ಹಿಡಿದರೂ ಮುಂದಕ್ಕೆ ಬೆಳಕು ಬಾರದಂತಾಗಿರುತ್ತದೆ. ಬೆಳಕೇ ನುಸುಳದ ಕಡೆ ಗಾಳಿ ಹೇಗೆ ನುಸುಳೀತು? ಒತ್ತಡ 300 ದಾಟಿ ಏರುತ್ತದೆ, ಕಂಪ್ರೆಸರ್ ಅಷ್ಟು ಹೊರೆಯನ್ನು ಹೊತ್ತು ದುಡಿಯುತ್ತದೆ, ಎಣ್ಣೆ ಕಾದು ಕಪ್ಪಾಗುತ್ತದೆ. ಕಂಡೆನ್ಸರಿನ ಫ್ಯಾನ್ ನಿಂತುಹೋಗಿದ್ದರೂ ಇದೇ ಗತಿ. ಹೆದ್ದಾರಿಯಲ್ಲಿ ತಂಪಾಗಿದ್ದು ಊರೊಳಗೆ ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಬಿಸಿ ಗಾಳಿ ಬರತೊಡಗಿದರೆ ಮೊದಲು ಫ್ಯಾನಿನ ಕಡೆ ನೋಡಬೇಕು.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಬ್ಲೋವರನ್ನು ಪೂರ್ತಿ ಇಟ್ಟು, ಬೋನೆಟ್ ಎತ್ತಿ ಕಂಪ್ರೆಸರಿನ ಮುಂಭಾಗವನ್ನು ಕಣ್ಣಿನಿಂದ ನೋಡಬೇಕು, ಕೈ ಹಾಕಬಾರದು. ಪುಲ್ಲಿ ಯಾವಾಗಲೂ ತಿರುಗುತ್ತಿರುತ್ತದೆ; ಪುಲ್ಲಿಯನ್ನು ಕಂಪ್ರೆಸರಿಗೆ ಜೋಡಿಸಲು ಅದರ ಮುಂದಿರುವ ವಿದ್ಯುತ್ ಅಯಸ್ಕಾಂತದ ಕ್ಲಚ್ಚಿನ ತಟ್ಟೆ ಟಕ್ ಎಂಬ ಸದ್ದಿನೊಡನೆ ಅಂಟಿಕೊಂಡು ತಾನೂ ತಿರುಗಬೇಕು. ತಟ್ಟೆ ತಿರುಗದಿದ್ದರೆ ಕಂಪ್ರೆಸರ್ ಹೋಗಿದೆ ಎಂದು ತೀರ್ಮಾನಿಸುವುದು ಅವಸರ. ಫ್ಯೂಸ್ ಸುಟ್ಟಿರಬಹುದು, ರಿಲೇ ಕೆಟ್ಟಿರಬಹುದು, ಗ್ಯಾಸು ತೀರಾ ಕಡಿಮೆಯಾಗಿ ಒತ್ತಡದ ಸ್ವಿಚ್ಚು ಕಂಪ್ರೆಸರನ್ನು ಉಳಿಸಲೆಂದೇ ಅದನ್ನು ತಡೆದಿರಬಹುದು. ಕ್ಲಚ್ಚಿನ ವೈರಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ಮೀಟರಿನಲ್ಲಿ ನೋಡಿ, ಬರುತ್ತಿದ್ದರೆ ಕ್ಲಚ್ ಕಾಯಿಲಿನ ರೋಧವನ್ನು ಅಳೆಯಬೇಕು. ಅದು ಸಾಮಾನ್ಯವಾಗಿ 3ರಿಂದ 5 ಓಮ್ ಇರುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ ಎಂದರ್ಥ, ಕಂಪ್ರೆಸರ್ ಕೆಟ್ಟಿದೆ ಎಂದಲ್ಲ.

ಇಲ್ಲಿ ಒಂದು ದೋಷವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಬಿಸಿಲಿನಲ್ಲಿ ಇದು ಮತ್ತೆ ಮತ್ತೆ ಬರುತ್ತದೆ ಮತ್ತು ಇದರ ಹೆಸರಿನಲ್ಲಿ ಒಳ್ಳೆಯ ಕಂಪ್ರೆಸರುಗಳು ಗುಜರಿಗೆ ಹೋಗುತ್ತವೆ. ಟ್ಯಾಕ್ಸಿ ಓಡಿಸುವ ಒಬ್ಬ ಹುಡುಗ ಬಂದು, "ಅಣ್ಣಾ, ಮುಂಜಾನೆ ಚಲೋ ತಂಪು ಕೊಡ್ತದ, ಮಧ್ಯಾಹ್ನ ಆತಂದ್ರ ಬರೀ ಬಿಸಿ ಗಾಳಿ. ಕಂಪ್ರೆಸರ್ ಹೊಸಾದು ಹಾಕಬೇಕು ಅಂದಾರ" ಎಂದು ಹೇಳಿದ್ದ. ಗಾಡಿಯನ್ನು ಮಧ್ಯಾಹ್ನದವರೆಗೆ ಓಡಿಸಿ ನೋಡಿದಾಗ, ತಂಪು ನಿಂತ ಹೊತ್ತಿನಲ್ಲಿ ಕ್ಲಚ್ಚಿನ ತಟ್ಟೆಯೂ ನಿಂತಿತ್ತು. ವೈರಿನಲ್ಲಿ ಕರೆಂಟು ಸರಿಯಾಗಿ ಬರುತ್ತಿತ್ತು. ಎಂಜಿನ್ ನಿಲ್ಲಿಸಿ, ತಟ್ಟೆ ಮತ್ತು ಪುಲ್ಲಿಯ ನಡುವೆ ಸಂದಿಯ ಅಂತರ ಅಳೆಯುವ ಫೀಲರ್ ಗೇಜಿನ ಎಲೆಯನ್ನು ತೂರಿಸಿದಾಗ ಒಂದು ಮಿಲಿಮೀಟರಿನಷ್ಟು ಅಂತರ ಕಂಡಿತು. ಈ ಅಂತರ ಹೆಚ್ಚಿನ ಕಾರುಗಳಲ್ಲಿ 0.3ರಿಂದ 0.6 ಮಿಲಿಮೀಟರಿನ ಆಸುಪಾಸಿನಲ್ಲಿ ಇರಬೇಕು. ತಟ್ಟೆ ಸವೆದಂತೆಲ್ಲ ಅಂತರ ಹಿಗ್ಗುತ್ತದೆ. ಕಾಯಿಲ್ ಕಾದಾಗ ಅದರ ರೋಧ ಹೆಚ್ಚಿ, ಅಯಸ್ಕಾಂತದ ಸೆಳೆತ ಕುಗ್ಗಿ, ಹಿಗ್ಗಿದ ಅಂತರವನ್ನು ದಾಟಿ ತಟ್ಟೆಯನ್ನು ಎಳೆದುಕೊಳ್ಳಲು ಆಗುವುದಿಲ್ಲ. ನಡುವಿನ ಬೋಲ್ಟನ್ನು ಬಿಚ್ಚಿ, ತಟ್ಟೆಯ ಹಿಂದಿದ್ದ ತೆಳುವಾದ ಒಂದು ವಾಷರನ್ನು ತೆಗೆದು ಮತ್ತೆ ಕೂರಿಸಿದ್ದಷ್ಟೇ ನಾವು ಮಾಡಿದ ಕೆಲಸ. ಆ ಹುಡುಗ ಹೊಸ ಕಂಪ್ರೆಸರಿಗೆಂದು ಸಾಲ ಕೇಳಲು ಹೊರಟಿದ್ದ ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸದ್ದಿನ ವಿಷಯವೂ ಹೀಗೆಯೇ. ಎಸಿ ಆಫ್ ಇದ್ದಾಗಲೂ ಕರಕರ ಸದ್ದು ಬರುತ್ತಿದ್ದರೆ ಅದು ಪುಲ್ಲಿಯ ಬೇರಿಂಗ್ ಇರಬಹುದು, ಬೇರಿಂಗನ್ನು ಮಾತ್ರ ಬದಲಿಸಬಹುದು. ಎಸಿ ಹಾಕಿದಾಗ ಮಾತ್ರ ಸದ್ದು ಬಂದರೆ ಕಂಪ್ರೆಸರಿನ ಒಳಭಾಗವನ್ನು ಸಂಶಯಿಸಬೇಕು. ಎಂಜಿನ್ ನಿಲ್ಲಿಸಿ, ಕ್ಲಚ್ಚಿನ ತಟ್ಟೆಯನ್ನು ಕೈಯಿಂದ ತಿರುಗಿಸಿ ನೋಡಿದಾಗ ಅದು ಕದಲದೆ ಬಿಗಿಯಾಗಿ ಹಿಡಿದಿದ್ದರೆ ಕಂಪ್ರೆಸರ್ ಹೋಗಿದೆ, ಮುಂದೆ ಬೇರೆ ಪರೀಕ್ಷೆ ಬೇಕಿಲ್ಲ.

ಕಡಿಮೆ ಮತ್ತು ಹೆಚ್ಚಿನ ಒತ್ತಡವನ್ನು ಎರಡು ಮುಳ್ಳುಗಳಲ್ಲಿ ತೋರಿಸುವ ಗೇಜ್ ಹಚ್ಚಿದಾಗ ಎರಡು ಹಂತಗಳಲ್ಲಿ ಓದಬೇಕು. ಎಂಜಿನ್ ಕೆಲವು ಗಂಟೆ ನಿಂತ ಮೇಲೆ ಎರಡೂ ಮುಳ್ಳುಗಳು ಒಂದೇ ಒತ್ತಡವನ್ನು ತೋರಿಸುತ್ತವೆ. ಆರ್ 134 ಎ ಇರುವ ಕಾರಿನಲ್ಲಿ 35 ಡಿಗ್ರಿಯಲ್ಲಿ ಅದು 114 ಪಿಎಸ್‌ಐ ಹತ್ತಿರ ಇರುತ್ತದೆ. ಇದನ್ನು ನೋಡಿ ಗ್ಯಾಸು ಪೂರ್ತಿ ಇದೆ ಎಂದು ಹೇಳುವುದು ತಪ್ಪು. ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೂ ಈ ಒತ್ತಡ ಇಳಿಯುವುದಿಲ್ಲ. ಅರ್ಧ ಗ್ಯಾಸು ಹೋಗಿದ್ದರೂ ಮುಳ್ಳು ಅಲ್ಲಿಯೇ ನಿಂತಿರಬಹುದು. ಎಂಜಿನ್ ಓಡುವಾಗ ಕಡಿಮೆ ಒತ್ತಡದ ಮುಳ್ಳು 25ರಿಂದ 45ರ ನಡುವೆ, ಹೆಚ್ಚಿನ ಒತ್ತಡದ ಮುಳ್ಳು ನಮ್ಮ ಬೇಸಿಗೆಯಲ್ಲಿ 220ರಿಂದ 280ರ ನಡುವೆ ಇದ್ದರೆ ಆತಂಕವಿಲ್ಲ. ಎರಡೂ ಕಡಿಮೆ ಇದ್ದರೆ ಗ್ಯಾಸು ಸೋರಿದೆ. ಎರಡೂ ಹೆಚ್ಚಿದ್ದರೆ ಕಂಡೆನ್ಸರ್, ಫ್ಯಾನ್, ಇಲ್ಲವೇ ಅಳತೆ ಮೀರಿ ತುಂಬಿದ ಗ್ಯಾಸು ಕಾರಣ. ಕ್ಲಚ್ ತಿರುಗುತ್ತಿದ್ದರೂ ಕಡಿಮೆ ಕಡೆಯ ಒತ್ತಡ ಮೇಲೆ, ಹೆಚ್ಚಿನ ಕಡೆಯದು ಕೆಳಗೆ ಇದ್ದು, ಮುಳ್ಳುಗಳು ಒಂದಕ್ಕೊಂದು ಹತ್ತಿರ ಬಂದು ನಿಂತರೆ ಕಂಪ್ರೆಸರ್ ಒತ್ತುವ ಶಕ್ತಿಯನ್ನು ಕಳೆದುಕೊಂಡಿದೆ. ಆಗಲೂ ಒಂದು ಎಚ್ಚರಿಕೆ ಬೇಕು. ಇತ್ತೀಚಿನ ಅನೇಕ ಕಾರುಗಳಲ್ಲಿ ಕಂಪ್ರೆಸರಿನ ಹಿಂಬದಿಯಲ್ಲಿ, ಅದು ಎಷ್ಟು ಗ್ಯಾಸನ್ನು ಒತ್ತಬೇಕೆಂದು ನಿಯಂತ್ರಿಸುವ ಕಂಟ್ರೋಲ್ ವಾಲ್ವ್ ಇರುತ್ತದೆ, ಅದು ಕೆಟ್ಟರೂ ಗೇಜಿನಲ್ಲಿ ಇದೇ ಚಿತ್ರ ಕಾಣುತ್ತದೆ. ವಾಲ್ವನ್ನು ಪರೀಕ್ಷಿಸದೆ ಇಡೀ ಕಂಪ್ರೆಸರನ್ನು ಕಳಚಬಾರದು.

ಬದಲಿಸಲೇಬೇಕು ಎಂದು ನಿಶ್ಚಯವಾದ ಮೇಲೆ, ಹಳೆಯ ಗ್ಯಾಸನ್ನು ರಿಕವರಿ ಯಂತ್ರದಿಂದ ಹೊರತೆಗೆಯಬೇಕೇ ಹೊರತು ಗಾಳಿಗೆ ಬಿಡಬಾರದು. ಓಝೋನ್ ಪದರವನ್ನು ಕೆಡಿಸುತ್ತಿದ್ದ ಹಳೆಯ ಆರ್ 12 ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಆರ್ 134 ಎ ಓಝೋನಿಗೆ ಕೇಡು ಮಾಡದಿದ್ದರೂ, ಒಂದು ಕಿಲೋ ಗಾಳಿಗೆ ಸೇರಿದರೆ ಸಾವಿರ ಕಿಲೋಗೂ ಮೀರಿದ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯನ್ನು ಹಿಡಿದಿಡುತ್ತದೆ. ದ್ರವರೂಪದ ಗ್ಯಾಸು ಚರ್ಮಕ್ಕೋ ಕಣ್ಣಿಗೋ ತಾಗಿದರೆ ಹಿಮದ ಸುಟ್ಟಗಾಯವಾಗುತ್ತದೆ, ಆದ್ದರಿಂದ ಕನ್ನಡಕ ಮತ್ತು ಕೈಗವಸು ಇಲ್ಲದೆ ಪೈಪು ಬಿಚ್ಚಕೂಡದು.

ಹಳೆಯ ಕಂಪ್ರೆಸರ್ ಕೈಗೆ ಬಂದಾಗ ಅದರ ಎಣ್ಣೆಯನ್ನು ಅಳತೆಯ ಲೋಟಕ್ಕೆ ಬಸಿದು, ಒಂದು ಹನಿಯನ್ನು ಬಿಳಿಯ ಬಟ್ಟೆಯ ಮೇಲೆ ಬಿಟ್ಟು ನೋಡಬೇಕು. ಇಡೀ ಕೆಲಸದಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿದಿರುವುದು ಈ ಹನಿಯನ್ನು. ಅದು ತಿಳಿಯಾಗಿದ್ದರೆ ಉಳಿದ ವ್ಯವಸ್ಥೆ ಸ್ವಚ್ಛವಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಕಾದಿದೆ. ಬೂದು ಬಣ್ಣವಾಗಿ, ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿ ಕಲಸಿದಂತೆ ಹೊಳೆದರೆ ಕಂಪ್ರೆಸರ್ ಒಳಗೊಳಗೇ ಅರೆದುಕೊಂಡು ಲೋಹದ ಚೂರುಗಳನ್ನು ಮುಂದಿನ ಭಾಗಗಳಿಗೆ ದಾಟಿಸಿದೆ. ಆಗ ಎಕ್ಸ್‌ಪ್ಯಾನ್ಷನ್ ವಾಲ್ವನ್ನು, ಡ್ರೈಯರನ್ನು, ಕಂಡೆನ್ಸರನ್ನು ಹೊಸದಾಗಿ ಹಾಕಬೇಕು. ಪೈಪುಗಳನ್ನು ಮತ್ತು ಕೂಲಿಂಗ್ ಕಾಯಿಲನ್ನು ಫ್ಲಶ್ ಮಾಡಿ ತೊಳೆಯಬೇಕು. ಕಂಡೆನ್ಸರನ್ನೂ ತೊಳೆದು ಹಾಕಬಾರದೇ ಎಂದು ಗಾಡಿಯವರು ಕೇಳುತ್ತಾರೆ, ಆ ಪ್ರಶ್ನೆ ಸಹಜವೇ. ಇಂದಿನ ಕಂಡೆನ್ಸರಿನ ಚಪ್ಪಟೆ ಕೊಳವೆಗಳೊಳಗೆ ಸುಮಾರು ಒಂದು ಮಿಲಿಮೀಟರಿನ ಹತ್ತಾರು ನಾಳಗಳು ಜೊತೆಜೊತೆಯಾಗಿ ಇರುತ್ತವೆ. ತೊಳೆಯುವ ದ್ರವ ಕಟ್ಟಿಕೊಳ್ಳದ ನಾಳಗಳನ್ನು ಹುಡುಕಿಕೊಂಡು ಹರಿದುಹೋಗುತ್ತದೆ, ಚೂರುಗಳು ತುಂಬಿದ ನಾಳಗಳು ಹಾಗೆಯೇ ಉಳಿಯುತ್ತವೆ. ಒಂದೇ ಬೇಸಿಗೆಯಲ್ಲಿ ಎರಡು ಕಂಪ್ರೆಸರ್ ಕಂಡ ಗಾಡಿ ನಮ್ಮಲ್ಲಿಗೆ ಬಂದಾಗ, ಮೊದಲ ಸಲ ಬೇರೆಡೆ ಬದಲಿಸಿದವರು ಹಳೆಯ ಕಂಡೆನ್ಸರನ್ನೇ ಉಳಿಸಿದ್ದು ಕಂಡುಬಂತು. ಅದರಿಂದ ಉದುರಿದ ಪುಡಿಯೇ ಹೊಸದನ್ನು ತಿಂದಿತ್ತು.

ಲೋಹದ ಪುಡಿ ಇರಲಿ ಇಲ್ಲದಿರಲಿ, ವ್ಯವಸ್ಥೆಯನ್ನು ಬಿಚ್ಚಿದ ಮೇಲೆ ಡ್ರೈಯರನ್ನಂತೂ ಬದಲಿಸಲೇಬೇಕು. ಕಂಪ್ರೆಸರಿಗೆ ಹಾಕುವ ಪಿಎಜಿ ಎಂಬ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುವುದರಿಂದ ಹೊಸ ಕಂಪ್ರೆಸರಿನ ಮುಚ್ಚಳಗಳನ್ನು ಪೈಪು ಜೋಡಿಸುವ ಕ್ಷಣದವರೆಗೂ ತೆಗೆಯಬಾರದು. ಎಣ್ಣೆಯ ದರ್ಜೆ ಮತ್ತು ಅಳತೆ ಕಂಪನಿಯ ಕೈಪಿಡಿಯಂತೆಯೇ ಇರಬೇಕು. ಹೊಸ ಕಂಪ್ರೆಸರಿನೊಳಗೆ ತುಂಬಿ ಬಂದ ಎಣ್ಣೆಯನ್ನು ಹಳೆಯದರಿಂದ ಬಸಿದ ಅಳತೆಯೊಂದಿಗೆ ಹೋಲಿಸಿ ಸರಿಪಡಿಸಬೇಕು. ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳ ಕಂಪ್ರೆಸರಿಗೆ ಬೇರೆಯದೇ ಎಣ್ಣೆ ಬೇಕು, ಅವುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ. ತರಬೇತಿ ಇಲ್ಲದವರು ಅವನ್ನು ಮುಟ್ಟಬಾರದು. ಪೈಪಿನ ಜೋಡಣೆಗಳಲ್ಲಿ ಸೋರಿಕೆ ತಡೆಯುವ ರಬ್ಬರಿನ ಓ-ರಿಂಗುಗಳೆಲ್ಲ ಹೊಸವಾಗಿರಲಿ, ಎಣ್ಣೆ ಸವರಿ ಕೂರಿಸಲಿ. ಬೆಲ್ಟ್ ಹಾಕುವ ಮೊದಲು ಕ್ಲಚ್ಚಿನ ತಟ್ಟೆಯನ್ನು ಕೈಯಿಂದ ಹತ್ತಾರು ಸುತ್ತು ತಿರುಗಿಸಿದರೆ, ಕಂಪ್ರೆಸರಿನ ಸಿಲಿಂಡರಿನೊಳಗೆ ನಿಂತ ಎಣ್ಣೆ ಹೊರಬಂದು ಒಳಗಿನ ವಾಲ್ವುಗಳು ಮುರಿಯುವ ಅಪಾಯ ತಪ್ಪುತ್ತದೆ.

ಸೋರಿಕೆಯ ಪರೀಕ್ಷೆಗೆ ಒಣ ನೈಟ್ರೋಜನ್ ಬಳಸಬೇಕು. ಟೈರಿಗೆ ಹೊಡೆಯುವ ಗಾಳಿಯಲ್ಲಿ ನೀರಿನಂಶವಿರುತ್ತದೆ. ಆಮ್ಲಜನಕವಂತೂ ಎಣ್ಣೆಯೊಡನೆ ಸೇರಿ ಸಿಡಿಯುತ್ತದೆ. ಆಮೇಲೆ ವ್ಯಾಕ್ಯೂಮ್ ಪಂಪನ್ನು ಕನಿಷ್ಠ 30ರಿಂದ 45 ನಿಮಿಷ ಓಡಿಸಬೇಕು. ಒಳಗಿನ ಗಾಳಿಯನ್ನು ತೆಗೆಯಲು ಅಷ್ಟು ಹೊತ್ತು ಬೇಡ, ಮೂಲೆಗಳಲ್ಲಿ ಕೂತ ತೇವ ಕುದಿದು ಆವಿಯಾಗಿ ಹೊರಬರಲು ಆ ಹೊತ್ತು ಬೇಕು. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಮೇಲೇರದೆ ಅಲ್ಲಿಯೇ ನಿಲ್ಲಬೇಕು. ಗ್ಯಾಸನ್ನು ಬೋನೆಟ್ಟಿನಡಿಯ ಸ್ಟಿಕ್ಕರಿನಲ್ಲಿ ಬರೆದ ಗ್ರಾಂ ಲೆಕ್ಕದಲ್ಲಿ ತಕ್ಕಡಿಯ ಮೇಲೆ ತೂಗಿ ತುಂಬಬೇಕು, ಗೇಜಿನ ಅಂದಾಜಿನಲ್ಲಿ ಅಲ್ಲ. ಎಂಜಿನ್ ಓಡುವಾಗ ಗೇಜಿನ ಹೆಚ್ಚಿನ ಒತ್ತಡದ ಕೀಲಿಯನ್ನು ತೆರೆದರೆ ಆ ಒತ್ತಡ ಗ್ಯಾಸು ತುಂಬುವ ಸಿಲಿಂಡರಿಗೇ ನುಗ್ಗಿ ಅದು ಒಡೆಯಬಹುದು. ಅಡುಗೆ ಅನಿಲವನ್ನು ತುಂಬಿ ಅಗ್ಗಕ್ಕೆ ಮುಗಿಸುವವರ ಮಾತಿಗೆ ಯಾರೂ ಒಪ್ಪಬಾರದು; ಕೂಲಿಂಗ್ ಕಾಯಿಲ್ ಸೋರಿದರೆ ಆ ಅನಿಲ ಮಕ್ಕಳು ಕೂತಿರುವ ಕಾರಿನೊಳಗೇ ತುಂಬಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಗಾಡಿಯವರು ಬಿಲ್ಲಿನಲ್ಲಿ ತುಂಬಿದ ಗ್ಯಾಸಿನ ಹೆಸರು ಮತ್ತು ತೂಕ, ಹಾಕಿದ ಎಣ್ಣೆಯ ದರ್ಜೆ ಮತ್ತು ಅಳತೆ, ಬದಲಿಸಿದ ಭಾಗಗಳು, ಕೊನೆಯಲ್ಲಿ ಕಂಡ ಎರಡೂ ಒತ್ತಡಗಳು, ಇವನ್ನು ಬರೆಸಿಕೊಳ್ಳಬೇಕು. ಹಳೆಯ ಭಾಗಗಳನ್ನು ಕೇಳಿ ನೋಡಬೇಕು. ಹದಿನೈದು ದಿನಗಳ ನಂತರ ಅದೇ ಬಿಲ್ಲನ್ನು ಹಿಡಿದು ಹೋಗಿ ಗೇಜ್ ಹಚ್ಚಿಸಿ, ಅಂದಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿದು ಅಂಕಿಗಳನ್ನು ಹೋಲಿಸಬೇಕು. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಯಾದರೆ ಬೇಸಿಗೆಗೆ ಮೊದಲೊಮ್ಮೆ, ಬೇಸಿಗೆಯ ನಡುವೆ ಇನ್ನೊಮ್ಮೆ ಕಂಡೆನ್ಸರನ್ನು ಎಂಜಿನ್ನಿನ ಕಡೆಯಿಂದ ಹೊರಕ್ಕೆ, ರೆಕ್ಕೆಗಳು ಮಡಚದ ಹಾಗೆ, ಸಣ್ಣ ಧಾರೆಯ ನೀರಿನಿಂದ ತೊಳೆಸಬೇಕು. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಕೆಲವು ನಿಮಿಷ ಎಸಿ ಹಾಕಿದರೆ ಎಣ್ಣೆ ಸುತ್ತಾಡಿ ಶಾಫ್ಟಿನ ಸೀಲ್ ಒಣಗದೆ ಉಳಿಯುತ್ತದೆ.

ನಮಸ್ಕಾರ.