ಬಾಡಿದ ಟೊಮೇಟೊ ಗಿಡಕ್ಕೆ ನೀರು ಹುಯ್ಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ಮಾರ್ಚ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಬೆಂಗಳೂರಿನ ಯಾವುದೋ ಒಂದು ತಾರಸಿ ಅಂದುಕೊಳ್ಳಿ. ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾವು. ಹಳೆಯ ಪೇಂಟ್ ಬಕೆಟ್ಟಿನಲ್ಲಿ ನೆಟ್ಟ ಟೊಮೇಟೊ ಗಿಡದ ಎಲೆಗಳು ಹಿಂಡದೆ ಹರವಿದ ಬಟ್ಟೆಯ ಹಾಗೆ ಜೋತುಬಿದ್ದಿವೆ. ನೋಡಿದವರಿಗೆ ಹೊಟ್ಟೆ ಚುರುಕ್ ಅನ್ನುತ್ತದೆ, ಕೈ ತಾನಾಗಿ ಚೊಂಬಿಗೆ ಹೋಗುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ. ಮೊದಲ ವರ್ಷ ನೆಟ್ಟ ಆರು ಗಿಡಗಳಲ್ಲಿ ನಾಲ್ಕನ್ನು ನಾನೇ ನೀರು ಹುಯ್ದು ಹುಯ್ದು ಸಾಯಿಸಿದೆ.

ಸುಡುಬಿಸಿಲಲ್ಲಿ ಎಲೆಯಿಂದ ಆವಿಯಾಗಿ ಹೋಗುವ ನೀರಿಗೆ ಸರಿಸಮನಾಗಿ ಬೇರು ನೀರು ಕಳಿಸಲಾರದು. ಹೊಲದ ಗಿಡವಾದರೆ ಬೇರು ಆಳದ ತಂಪಿಗೆ ಇಳಿದಿರುತ್ತದೆ. ಬಕೆಟ್ಟಿನ ಗಿಡಕ್ಕೆ ಕೆಳಗೆ ಕಾದ ಕಾಂಕ್ರೀಟು, ಸುತ್ತಲೂ ಕಾದ ಪ್ಲಾಸ್ಟಿಕ್ಕು. ಕಪ್ಪು ಕುಂಡವಾದರಂತೂ ಕೇಳುವುದೇ ಬೇಡ. ಹಾಗಾಗಿ ಗಿಡ ಸ್ವಲ್ಪ ಹೊತ್ತು ತಲೆಬಾಗಿಸುತ್ತದೆ. ಸಂಜೆ ಏಳಕ್ಕೆ ಹೋಗಿ ನೋಡಿ, ಏನೂ ಆಗೇ ಇಲ್ಲ ಎಂಬಂತೆ ನಿಂತಿರುತ್ತದೆ. ಅದಕ್ಕೇ ಹೇಳುತ್ತೇನೆ, ಗಿಡದ ಕಾಯಿಲೆ ನೋಡುವ ಹೊತ್ತು ಮಧ್ಯಾಹ್ನವಲ್ಲ, ಬೆಳಿಗ್ಗೆ ಆರು ಗಂಟೆ. ರಾತ್ರಿಯೆಲ್ಲ ತಂಪಿನಲ್ಲಿದ್ದೂ ಎಲೆ ಜೋತುಬಿದ್ದೇ ಇದ್ದರೆ ಆಗ ಚಿಂತೆ ಮಾಡೋಣ.

ಮೊದಲು ಬೆರಳು. ಮಣ್ಣಿಗೆ ಎರಡು ಗೆಣ್ಣು ಇಳಿಸಿ ನೋಡಿ. ಮೇಲ್ಮಣ್ಣು ಒಣಗಿದ್ದು ಕೆಳಗೆ ತೇವ ಇದ್ದರೆ ನೀರಿನ ಕೊರತೆ ಇಲ್ಲ. ಬಕೆಟ್ಟನ್ನು ಒಂದು ಕಡೆ ಸ್ವಲ್ಪ ಎತ್ತಿ ತೂಕವನ್ನೂ ನೋಡಿ. ನಾಲ್ಕು ದಿನ ಎತ್ತಿದರೆ ಕೈಗೆ ಲೆಕ್ಕ ಸಿಗುತ್ತದೆ.

ಇಲ್ಲೊಂದು ಮೋಸ ಇದೆ. ತೆಂಗಿನ ನಾರಿನ ಪುಡಿ, ಅದೇ ಕೋಕೋಪೀಟ್, ಹೆಚ್ಚು ಬೆರೆಸಿದ ಮಣ್ಣು ಒಮ್ಮೆ ಪೂರಾ ಒಣಗಿತೆಂದರೆ ಕುಗ್ಗಿ, ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ನೀವು ಹುಯ್ದ ನೀರು ಆ ಸಂದಿನಿಂದ ಸರ್ರನೆ ಇಳಿದು ತಳದ ತೂತಿನಿಂದ ಆಚೆ ಬರುತ್ತದೆ. ನೀರು ಹೊರಬಂತಲ್ಲ, ಸಾಕಷ್ಟಾಯಿತು ಅಂದುಕೊಳ್ಳುತ್ತೀರಿ. ನಡುವಿನ ಬೇರುಗಡ್ಡೆ ಮಾತ್ರ ಒಣಗಿದ ಹಿಂಡಿಯ ಹಾಗೆ ಹಾಗೇ ಇರುತ್ತದೆ. ಅಂಥ ಕುಂಡವನ್ನು ನೀರು ತುಂಬಿದ ಟಬ್ಬಿನಲ್ಲಿ ಅರ್ಧ ಗಂಟೆ ಕೂರಿಸಿ. ತಳದಿಂದ ಹೀರಿಕೊಂಡು ಮೇಲ್ಮಣ್ಣು ಒದ್ದೆಯಾದ ಮೇಲೆ ತೆಗೆಯಿರಿ.

ಇದಕ್ಕೆ ತದ್ವಿರುದ್ಧವಾದ ಕಾಯಿಲೆಯೂ ಕಾಣಲು ಹೀಗೇ ಇರುತ್ತದೆ. ಮಣ್ಣು ಕೆಸರು, ಬಕೆಟ್ಟು ಭಾರ, ಎಲೆ ಮಾತ್ರ ಜೋಲು. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರಿನ ನಡುವೆ ಇದ್ದರೂ ನೀರು ಹೀರಲಾರದು. ಗಿಡ ಬಾಡಿತೆಂದು ನಾವು ಇನ್ನೊಂದು ಚೊಂಬು ಹುಯ್ಯುತ್ತೇವೆ! ನನ್ನ ನಾಲ್ಕು ಗಿಡ ಹೋದದ್ದು ಹೀಗೆ. ಬೇರು ಬಿಡಿಸಿ ನೋಡಿದರೆ ಬೆಳ್ಳಗಿರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಸಿಪ್ಪೆ ಕಳಚಿ ಬರುತ್ತಿತ್ತು, ಚರಂಡಿ ವಾಸನೆ ಬೇರೆ. ತಾರಸಿ ಗಲೀಜಾಗದಿರಲೆಂದು ಬಕೆಟ್ಟಿನ ಕೆಳಗೆ ತಟ್ಟೆ ಇಟ್ಟಿದ್ದೆ, ನೀರೆಲ್ಲ ಅಲ್ಲೇ ನಿಲ್ಲುತ್ತಿತ್ತು. ತಟ್ಟೆ ತೆಗೆದು, ಎರಡು ಇಟ್ಟಿಗೆಯ ಮೇಲೆ ಬಕೆಟ್ಟು ಇಟ್ಟದ್ದರಿಂದ ಉಳಿದ ಎರಡು ಗಿಡ ಬದುಕಿದವು.

ಗೊಬ್ಬರದ್ದೂ ಒಂದು ಮಾತು. ಪೂರ್ತಿ ಕಳಿಯದ ಸಗಣಿ ಗೊಬ್ಬರ ಹಾಕಿದರೆ, ರಾಸಾಯನಿಕ ಗೊಬ್ಬರ ಒಂದು ಹಿಡಿ ಹೆಚ್ಚಾದರೆ ಬೇರು ಸುಡುತ್ತದೆ, ಎಲೆಯಂಚು ಕಂದಾಗಿ ಗಿಡ ಬಾಡುತ್ತದೆ. ಬಿಳಿನೊಣ ತರುವ ಎಲೆ ಮುರುಟು ರೋಗವನ್ನು ಇದರ ಜೊತೆ ಸೇರಿಸಬೇಡಿ. ಅದರಲ್ಲಿ ಎಲೆ ಗಡುಸಾಗಿ ಮುದುರುತ್ತದೆ, ಜೋಲುವುದಿಲ್ಲ.

ಇನ್ನು ನಿಜವಾದ ಶತ್ರು, ದುಂಡಾಣು ಅಂದರೆ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ನಮ್ಮ ಪಕ್ಕದ ಮನೆಯ ಅತ್ತಿಗೆಯ ಗಿಡ, ಕಾಯಿ ಕಚ್ಚಿ ಸೊಗಸಾಗಿತ್ತು. ಸೋಮವಾರ ತುದಿ ಎಲೆಗಳು ಬಾಡಿದವು, ಗುರುವಾರಕ್ಕೆ ಇಡೀ ಗಿಡ ಕುಸಿಯಿತು. ಎಲೆ ಹಳದಿಯಾಗಲೇ ಇಲ್ಲ, ಹಸಿರಾಗಿದ್ದ ಹಾಗೇ ಸೊರಗಿತು. “ಯಾರದೋ ಕಣ್ಣು ಬಿತ್ತು ಕಣ್ರೀ” ಅಂದರು ಅತ್ತಿಗೆ. ನಾನು ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿಗೆ ಕತ್ತರಿಸಿದ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿದೆ. ಕೆಲವೇ ನಿಮಿಷ. ತುದಿಯಿಂದ ಬೆಳ್ಳನೆ ಎಳೆಯೊಂದು ಹಾಲಿನ ಹೊಗೆಯ ಹಾಗೆ ಕೆಳಗಿಳಿಯಿತು. ಅತ್ತಿಗೆ ಕನ್ನಡಕ ಹಾಕಿಕೊಂಡು ಬಂದು ಎರಡೆರಡು ಸಲ ನೋಡಿದರು. ಕಾಂಡದ ಕೊಳವೆಗಳಲ್ಲಿ ತುಂಬಿಕೊಂಡು ನೀರಿನ ದಾರಿ ಕಟ್ಟಿದ್ದ ದುಂಡಾಣುಗಳ ಲೋಳೆ ಅದು. ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೊರಗಾದರೆ ಲೋಟದಲ್ಲಿ ಹೀಗೆ ಎಳೆ ಬರುವುದಿಲ್ಲ. ಅಲ್ಲಿ ಕೆಳಗಿನ ಎಲೆಗಳು, ಎಷ್ಟೋ ಸಲ ಒಂದೇ ಪಕ್ಕದವು, ಮೊದಲು ಹಳದಿಯಾಗುತ್ತವೆ. ಬೇರಿನಲ್ಲಿ ಮಣಿಮಣಿಯಾಗಿ ಗಂಟು ಕಂಡರೆ ಅದು ಜಂತುಹುಳುವಿನ ಕೆಲಸ.

ಲೋಟದಲ್ಲಿ ಎಳೆ ಕಂಡ ಗಿಡಕ್ಕೆ ಔಷಧಿ ಹುಡುಕಬೇಡಿ. ಮಣ್ಣಿನ ಸಮೇತ ಚೀಲಕ್ಕೆ ತುಂಬಿ ಆಚೆ ಹಾಕಿ. ಕಾಂಪೋಸ್ಟ್ ಗುಂಡಿಗಂತೂ ಬೇಡವೇ ಬೇಡ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಆ ಮಣ್ಣಿನಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಿದರೂ ಅದೇ ಗತಿ, ಎಲ್ಲವೂ ಒಂದೇ ಕುಟುಂಬದವು. ಮುಂದಿನ ಸಲಕ್ಕೆ ತಳಿ ನೋಡಿ ತನ್ನಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಈ ಸೊರಗು ರೋಗ, ಎಲೆ ಮುರುಟು, ಎಲೆ ಅಂಗಮಾರಿ, ಮೂರನ್ನೂ ತಡೆಯುವ ಗುಣವಿದೆ.

ಅತ್ತಿಗೆ ಈ ಸಲ ಅದನ್ನೇ ಹಾಕಿದ್ದಾರೆ, ಹೊಸ ಮಣ್ಣಿನಲ್ಲಿ. ಮೊನ್ನೆ ಮಧ್ಯಾಹ್ನ ಎಲೆ ಜೋತುಬಿದ್ದಿದೆಯೆಂದು ಕಾಂಪೌಂಡಿನ ಮೇಲಿಂದ ಕೂಗಿದರು. ಸಂಜೆ ನೋಡೋಣ ಇರಿ ಅಂದೆ. ಏಳು ಗಂಟೆಗೆ ಅವರೇ ಫೋನ್ ಮಾಡಿದರು: “ಎದ್ದು ನಿಂತಿದೆ ಕಣ್ರೀ.”

ನಮಸ್ಕಾರ.