ಡಿಪಿಎ ಅಂದರೆ ಏಟಿನ ಲೆಕ್ಕ, ಹಾನಿಯ ಲೆಕ್ಕ ಅಲ್ಲ!

ಎಲ್ಲರಿಗೂ ನಮಸ್ಕಾರ, ಮೈಸೂರಿನಿಂದ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಕಾರಣ, ಡಿಪಿಎ ಬಗ್ಗೆ ಕಳೆದ ವಿಡಿಯೋಗೆ ಬಂದ ಒಂದು ಕಾಮೆಂಟ್. ಡಿಪಿಎ ಅಂದರೆ displacements per atom, ನ್ಯೂಟ್ರಾನ್ ಏಟಿಗೆ ಒಂದೊಂದು ಪರಮಾಣು ಸರಾಸರಿ ಎಷ್ಟು ಸಲ ಜಾಗ ತಪ್ಪುತ್ತದೆ ಅಂತ ಸೂತ್ರ ಹಾಕಿ ತೆಗೆಯುವ ಸಂಖ್ಯೆ. "ರಿಯಾಕ್ಟರ್ ಒಳಗಿನ ಉಕ್ಕಿಗೆ 50 ಡಿಪಿಎ ಅಂತೀರಾ. ಒಂದೊಂದು ಪರಮಾಣುವೂ 50 ಸಲ ಜಾಗ ತಪ್ಪಿದ್ದರೆ ಆ ಉಕ್ಕು ಪುಡಿ ಆಗಿರಬೇಕಿತ್ತಲ್ವಾ? ಸುಮ್ನೆ ಹೆದರಿಸಬೇಡಿ." ಅದಕ್ಕೆ ಬಿದ್ದಿರುವ ಲೈಕ್ ನೋಡಿ ನನಗೆ ತಡೆಯಲಾಗಲಿಲ್ಲ.

ಸ್ವಾಮಿ, ಡಿಪಿಎ ಏಟಿನ ಲೆಕ್ಕ. ಹಾನಿಯ ಲೆಕ್ಕ ಅಲ್ಲ.

ಒಳಗೆ ಏನಾಗುತ್ತದೆ ಕೇಳಿ. ವೇಗದ ನ್ಯೂಟ್ರಾನ್ ಬಂದು ಕಬ್ಬಿಣದ ಒಂದು ಪರಮಾಣುವಿಗೆ ಗುದ್ದುತ್ತದೆ. ಅದು ಪಕ್ಕದ್ದಕ್ಕೆ, ಪಕ್ಕದ್ದು ಇನ್ನೊಂದಕ್ಕೆ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನೂಕುನುಗ್ಗಲು ಆಗುತ್ತಲ್ಲ, ಹಾಗೆ. ಒಂದು ಕ್ಷಣ ಎಲ್ಲರೂ ಜಾಗ ತಪ್ಪುತ್ತಾರೆ, ಆಮೇಲೆ ಹೆಚ್ಚಿನವರು ಯಾವುದಾದರೂ ಒಂದು ಜಾಗದಲ್ಲಿ ನಿಂತುಕೊಳ್ಳುತ್ತಾರೆ. ಲೋಹದಲ್ಲಿ ಇದು ಕೆಲವೇ ಪಿಕೋಸೆಕೆಂಡುಗಳ ಆಟ. ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನಲ್ಲಿ ಲಕ್ಷ ಕೋಟಿಯ ಒಂದು ಪಾಲು. ಕೊನೆಗೆ ಉಳಿಯುವುದು ಒಂದಷ್ಟು ಖಾಲಿ ಜಾಗ, ಮತ್ತು ಸಾಲಿನ ನಡುವೆ ಸಿಕ್ಕಿಕೊಂಡ ಒಂದಷ್ಟು ಪರಮಾಣು. ಹಾನಿ ಅಂದರೆ ಇದು.

ಡಿಪಿಎ ಸೂತ್ರ 1975ರದ್ದು. ನಾರ್ಗೆಟ್, ರಾಬಿನ್ಸನ್, ಟೊರೆನ್ಸ್ ಕೊಟ್ಟದ್ದು. ಗುದ್ದಿದ ಶಕ್ತಿ ಹಾಕಿ, ಒಂದು ಪರಮಾಣುವನ್ನು ಜಾಗದಿಂದ ಕೀಳಲು ಬೇಕಾದ ಶಕ್ತಿ ಕಬ್ಬಿಣಕ್ಕೆ 40 ಎಲೆಕ್ಟ್ರಾನ್ ವೋಲ್ಟ್ ಅಂತ ಇಡಿ, ಸಂಖ್ಯೆ ಬರುತ್ತದೆ. ವಾಪಸ್ ಕೂತವರ ಲೆಕ್ಕ ಅದರಲ್ಲಿಲ್ಲ. ಕಂಪ್ಯೂಟರಿನಲ್ಲಿ ಒಂದೊಂದು ಪರಮಾಣುವನ್ನೂ ಓಡಿಸಿ ನೋಡಿದರೆ, ದೊಡ್ಡ ಗುದ್ದಿನಲ್ಲಿ ನಿಜಕ್ಕೂ ಉಳಿಯುವುದು ಆ ಸಂಖ್ಯೆಯ ಮೂರರಲ್ಲಿ ಒಂದು ಪಾಲಿನಷ್ಟು. ಹಾಗಾಗಿ ಮತ್ತೆ ಹೇಳುತ್ತೇನೆ, ಏಟಿನ ಲೆಕ್ಕ! ಹಾನಿಯದ್ದಲ್ಲ!

ಇನ್ನೊಬ್ಬರು ಬರೆದಿದ್ದಾರೆ, "ಪ್ರಪಂಚವೆಲ್ಲ ಇದೇ ಅಳತೆ ಬಳಸುತ್ತದೆ, ನಿಮ್ಮದೇನು ತಕರಾರು?" ಬಳಸಲಿ. ಒಂದು ರಿಯಾಕ್ಟರನ್ನು ಇನ್ನೊಂದಕ್ಕೆ ಹೋಲಿಸಲು ಬೇಕೇ ಬೇಕು. ಆದರೆ ಇದನ್ನು ಕೇಳಿ. ನೀರಿನ ರಿಯಾಕ್ಟರಿನ ಪ್ರೆಶರ್ ವೆಸೆಲ್, ಅಂದರೆ ಇಂಧನವನ್ನು ಒಳಗಿಟ್ಟುಕೊಂಡ ದಪ್ಪ ಉಕ್ಕಿನ ಪಾತ್ರೆ, ಅದರ ಗೋಡೆಗೆ 40 ವರ್ಷದಲ್ಲಿ ಬೀಳುವುದು 0.1 ಡಿಪಿಎ ಆಸುಪಾಸು. ಅಷ್ಟಕ್ಕೇ ಉಕ್ಕು ಪೆಡಸಾಗಿಬಿಡಬಹುದು. ಯಾಕೆ? ಉಕ್ಕಿನಲ್ಲಿ ಚೂರು ತಾಮ್ರ ಇದ್ದರೆ, ಈ ಖಾಲಿ ಜಾಗಗಳ ಸಹಾಯದಿಂದ ತಾಮ್ರದ ಪರಮಾಣುಗಳು ಓಡಾಡಿ ಗುಂಪು ಕಟ್ಟುತ್ತವೆ. ಅತ್ತ ವೇಗದ ನ್ಯೂಟ್ರಾನಿನಿಂದಲೇ ನಡೆಯುವ ಫಾಸ್ಟ್ ರಿಯಾಕ್ಟರಿನ ಇಂಧನ ಕೊಳವೆ ಹತ್ತಾರು ಡಿಪಿಎ ತಿಂದೂ ಕೆಲಸ ಮಾಡುತ್ತದೆ. ನೂರಾರು ಪಟ್ಟು ವ್ಯತ್ಯಾಸ ಇದೆಯಲ್ಲ, ಈಗ ಸಂಖ್ಯೆ ಒಂದನ್ನೇ ಹಿಡಿದುಕೊಂಡು ಯಾವುದು ಜಾಸ್ತಿ ಹಾಳಾಗಿದೆ ಹೇಳಿ ನೋಡೋಣ!

ಇಲ್ಲಿವರೆಗೆ ನೋಡಿದವರು ಸಬ್‌ಸ್ಕ್ರೈಬ್ ಮಾಡಿಬಿಡಿ. ಕನ್ನಡದಲ್ಲಿ ಲೋಹದ ವಿಷಯ ಕೂತು ಮಾತಾಡುವವರು ಕಡಿಮೆ, ನಿಮ್ಮ ಬೆಂಬಲ ಬೇಕು.

1967ರಲ್ಲಿ ಸ್ಕಾಟ್ಲೆಂಡಿನ ಡೌನ್‌ರೇ ರಿಯಾಕ್ಟರಿನ ಸ್ಟೇನ್‌ಲೆಸ್ ಉಕ್ಕನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳಗೆಲ್ಲ ಸಣ್ಣ ಸಣ್ಣ ಟೊಳ್ಳು! ಖಾಲಿ ಜಾಗಗಳು ಒಟ್ಟುಗೂಡಿ ಉಕ್ಕೇ ಊದಿಕೊಂಡಿತ್ತು. ಅದೇ ಏಟಿಗೆ ಒಂದು ಉಕ್ಕು ಊದುತ್ತದೆ, ಟೈಟಾನಿಯಂ ಸೇರಿಸಿದ ಇನ್ನೊಂದು ಉಕ್ಕು ತಡೆದುಕೊಳ್ಳುತ್ತದೆ. ಬಿಸಿ ಬದಲಾದರೆ ಕಥೆಯೇ ಬೇರೆ. ನಮ್ಮ ಕೈಗಾದ ರಿಯಾಕ್ಟರಿನಲ್ಲಿ ಇಂಧನ ಇಡುವ ಜಿರ್ಕೋನಿಯಂ ಕೊಳವೆ, ಅಂದರೆ ಪ್ರೆಶರ್ ಟ್ಯೂಬ್, ನ್ಯೂಟ್ರಾನ್ ಬಿದ್ದ ಹಾಗೆ ಉದ್ದ ಆಗುತ್ತದೆ. ಇದರಲ್ಲಿ ಯಾವುದನ್ನು ಡಿಪಿಎ ಒಂದೇ ಹೇಳುತ್ತದೆ? ಯಾವುದನ್ನೂ ಇಲ್ಲ!

"ಬರೀ ಸಿಮ್ಯುಲೇಶನ್, ಗೇಮ್ ಆಡಿದ ಹಾಗೆ" ಅನ್ನುವವರಿಗೆ ಒಂದೇ ಮಾತು. ಪಿಕೋಸೆಕೆಂಡಿನಲ್ಲಿ ನಡೆಯುವುದನ್ನು ಕಣ್ಣಲ್ಲಿ ನೋಡಿ ಎಣಿಸುತ್ತೀರಾ? ಆಗಲ್ಲ ತಾನೇ? ಹಾಗಾದರೆ ಸುಮ್ಮನಿರಿ. ಪಿಕೋಸೆಕೆಂಡಿನಿಂದ 40 ವರ್ಷದವರೆಗೆ ಮಾದರಿಯ ಮೇಲೆ ಮಾದರಿ ಪೋಣಿಸುತ್ತಾ ಹೋಗುವವರ ಕಷ್ಟ ಗೊತ್ತಾ ನಿಮಗೆ?

ಏಟು ಬೇರೆ, ಹಾನಿ ಬೇರೆ. ಇಲ್ಲ ಅನ್ನುವವರು ಇದ್ದರೆ ಬರೆಯಿರಿ, ಓದುತ್ತೇನೆ, ಉತ್ತರವನ್ನೂ ಕೊಡುತ್ತೇನೆ. ಆದರೆ ಬರೀ ಡಿಪಿಎ ಬರೆದು ಕಳಿಸಬೇಡಿ. ಯಾವ ಲೋಹ, ಎಷ್ಟು ಬಿಸಿ, ಏಟು ಬಿದ್ದದ್ದು ಎಷ್ಟು ವೇಗದಲ್ಲಿ, ಮೂರನ್ನೂ ಸೇರಿಸಿ ಬರೆಯಿರಿ. ಮುಂದಿನ ವಾರ ಕೈಗಾದ ಟ್ಯೂಬಿನದ್ದೇ ಪೂರ್ತಿ ಎಪಿಸೋಡ್.